ಹೈಸ್ಕೂಲ್ ಗಣಿತಕ್ಕೆ ಯಾವ ಆನ್‌ಲೈನ್ ಅಭ್ಯಾಸ ಸಾಫ್ಟ್‌ವೇರ್ ಒಳ್ಳೆಯದು?

ಯಾದಗಿರಿ ಜಿಲ್ಲೆಯ ಸರ್ಕಾರಿ ಹೈಸ್ಕೂಲು, ಹತ್ತನೇ ತರಗತಿ, ದಾನಿಗಳು ಕೊಟ್ಟ ಟ್ಯಾಬ್‌ಗಳು. ನೋಟ್‌ಬುಕ್ ತಿದ್ದುವ ಹೊರೆ ಇಳಿಸುವಂಥ ಸಾಫ್ಟ್‌ವೇರ್ ಯಾವುದು, ಅದರ ಅಂಕ ಎಫ್‌ಎಗೆ, ಅಂದರೆ ವರ್ಷದ ನಡುವೆ ಶಾಲೆಯಲ್ಲೇ ಮಾಡುವ ರೂಪಣಾತ್ಮಕ ಮೌಲ್ಯಮಾಪನಕ್ಕೆ, ಸೇರಿಸಬಹುದಾ ಅಂತ ಕೇಳಿದ್ದೀರಿ. ಮೇಡಂ, ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಆ ಹೊರೆ ಇಳಿಸಿಕೊಳ್ಳೋಕೆ ಹೋಗಬೇಡಿ. ನಾನು ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನಲ್ಲಿ ಗಣಿತ ಕಲಿಸುತ್ತೇನೆ. ಆ ಹೊರೆ ಇಳಿಸಿಕೊಂಡ ವರ್ಷವೇ ನನ್ನ ಮಕ್ಕಳಿಗೆ ಪೆಟ್ಟು ಬಿತ್ತು.

ನಮ್ಮಲ್ಲೂ ಒಂದು ಸಂಸ್ಥೆಯವರು ಟ್ಯಾಬ್ ಕೊಟ್ಟರು, ಜೊತೆಗೆ ಅಭ್ಯಾಸದ ಸಾಫ್ಟ್‌ವೇರ್ ಹಾಕಿಕೊಟ್ಟರು. ಪ್ರತಿ ಅಧ್ಯಾಯಕ್ಕೂ ಬಹು ಆಯ್ಕೆ ಪ್ರಶ್ನೆ. ಸರಿಯಾದರೆ ಹಸಿರು, ತಪ್ಪಾದರೆ ಕೆಂಪು, ಎಷ್ಟು ಸಲ ಬೇಕಾದರೂ ಮತ್ತೆ ಮಾಡಬಹುದು. ಸಂಜೆ ಆಗುತ್ತಿದ್ದಂತೆ ಇಡೀ ತರಗತಿಯ ಪಟ್ಟಿ ನನ್ನ ಮೊಬೈಲ್‌ಗೆ ಬರುತ್ತಿತ್ತು, ಯಾರಿಗೆ ಎಷ್ಟು ಶೇಕಡಾ ಅಂತ. ಮಕ್ಕಳಿಗಂತೂ ಖುಷಿಯೋ ಖುಷಿ. ಗಣಿತದ ಪಿರಿಯಡ್ ಅಂದರೆ ಹಿಂದಿನ ಬೆಂಚಿಗೆ ಸರಿಯುತ್ತಿದ್ದವರು ಊಟದ ಬಿಡುವಿನಲ್ಲೂ ಟ್ಯಾಬ್ ಕೇಳುತ್ತಿದ್ದರು. ತೊಗರಿ ರಾಶಿ ಅಂತ ಶಾಲೆ ಬಿಟ್ಟಿದ್ದ ಹುಡುಗರು ವಾಪಸ್ ಬಂದಮೇಲೆ ಬಿಟ್ಟುಹೋದ ಅಧ್ಯಾಯವನ್ನು ತಾವೇ ಶುರು ಮಾಡಿಕೊಳ್ಳುತ್ತಿದ್ದರು. ಇದನ್ನೆಲ್ಲ ನೋಡಿದರೆ ಯಾವ ಮೇಷ್ಟ್ರಿಗೆ ಸಂತೋಷ ಆಗಲ್ಲ ಹೇಳಿ.

ನಮ್ಮ ಭಾಗದಲ್ಲಿ ರಿಸಲ್ಟ್ ಒತ್ತಡ ಎಷ್ಟಿದೆ ಅಂತ ನಿಮಗೆ ಹೇಳಬೇಕಾಗಿಲ್ಲ. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ನಿಮ್ಮ ಯಾದಗಿರಿ ಕೊನೆ, 2025ರ ಪರೀಕ್ಷೆ-1ರಲ್ಲಿ ಶೇ. 42.43 ಬಂದು ನಮ್ಮ ಕಲಬುರಗಿ ಕೊನೆ. ಇಂಥ ಕಡೆ ಯಾರಾದರೂ ‘ನಿಮ್ಮ ತರಗತಿ ಶೇ. 85ರಲ್ಲಿದೆ’ ಅಂತ ಗ್ರಾಫ್ ತೋರಿಸಿದರೆ ನಂಬೋಕೆ ಮನಸ್ಸು ತಾನಾಗೇ ಓಡುತ್ತದೆ. ನಾನು ನಂಬಿದೆ. ನಂಬಿ, ನೋಟ್‌ಬುಕ್ ನೋಡುವುದನ್ನು ನಿಲ್ಲಿಸಿದೆ.

ತಪ್ಪಾಗಿದ್ದು ಇಲ್ಲೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೂರ್ವಸಿದ್ಧತಾ ಪರೀಕ್ಷೆ ಬಂತು. ಟ್ಯಾಬ್ ಪಟ್ಟಿಯಲ್ಲಿ ಯಾವಾಗಲೂ ಮೇಲೆ ಇರುತ್ತಿದ್ದ ಒಬ್ಬ ಹುಡುಗಿಯ ಉತ್ತರ ಪತ್ರಿಕೆ ತೆಗೆದು ನೋಡಿದೆ. ಬಹು ಆಯ್ಕೆ ಎಲ್ಲ ಸರಿ. ಮುಂದೆ x² − 7x + 12 = 0 ಬಿಡಿಸಿ ಅಂತ ಇತ್ತು. ಆ ಸಮೀಕರಣವನ್ನು ಅಂದವಾಗಿ ಬರೆದುಕೊಂಡಿದ್ದಳು, ಕೆಳಗೆ ಏನೂ ಇಲ್ಲ. ಅರ್ಧ ಪುಟ ಖಾಲಿ. ಕರೆದು ಕೇಳಿದೆ, ಟ್ಯಾಬ್‌ನಲ್ಲಿ ಇಂಥವನ್ನೆಲ್ಲ ಸರಿ ಮಾಡ್ತಿದ್ದೆಯಲ್ಲಮ್ಮಾ ಅಂತ. ‘ಸರ್, ಅಲ್ಲಿ ನಾಲ್ಕು ಉತ್ತರ ಇರ್ತಾವ್ರಿ, ಒಂದೊಂದೇ ಹಾಕಿ ನೋಡ್ತೀನ್ರಿ. ಸೊನ್ನಿ ಬಂದ್ರ ಅದೇ ರೈಟ್ ರಿ. ಇಲ್ಲಿ ಏನ್ ಹಾಕ್ಬೇಕ್ರಿ?’ ಅಂದಳು.

ಆ ಹುಡುಗಿ ಮೋಸ ಮಾಡಿರಲಿಲ್ಲ. x ಜಾಗದಲ್ಲಿ 3 ಹಾಕಿದರೆ 9 − 21 + 12, ಸೊನ್ನೆ. 4 ಹಾಕಿದರೆ 16 − 28 + 12, ಅದೂ ಸೊನ್ನೆ. ಚುರುಕಾದ ಹುಡುಗಿ, ಸಾಫ್ಟ್‌ವೇರ್ ಕೇಳಿದ್ದನ್ನು ಸರಿಯಾಗಿ ಕೊಟ್ಟಿದ್ದಳು. ಮಧ್ಯದ ಪದ ಒಡೆಯುವುದನ್ನಾಗಲಿ, ಸೂತ್ರ ಬಳಸುವುದನ್ನಾಗಲಿ ಅದು ಅವಳಿಂದ ಒಂದು ಸಲವೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಉಳಿದ ಪತ್ರಿಕೆಗಳಲ್ಲೂ ಇದೇ ಕಥೆ. ಕೆಲವರು ಆಯ್ಕೆ ಹಾಕಿ ನೋಡುವಷ್ಟೂ ಕಷ್ಟಪಟ್ಟಿರಲಿಲ್ಲ. ಮತ್ತೆ ಮಾಡಿದಾಗ ಅದೇ ಪ್ರಶ್ನೆ ಅದೇ ಜಾಗದಲ್ಲಿ ಬರುತ್ತಿತ್ತು, ‘ಮೂರನೇದು ಸಿ’ ಅಂತ ಬಾಯಿಪಾಠ ಆಗಿತ್ತು. ಕೆಂಪು ಇದ್ದದ್ದು ಹಸಿರಾಗುತ್ತಿತ್ತು, ಶೇಕಡಾ ಏರುತ್ತಿತ್ತು. ನಾನು ನೋಡುತ್ತಿದ್ದದ್ದು ಕೊನೆಯ ಸಲದ ಅಂಕ, ಮೊದಲ ಸಲದ್ದಲ್ಲ.

ಈಗ ಬೋರ್ಡ್ ಪ್ರಶ್ನೆಪತ್ರಿಕೆ ಎದುರಿಗಿಟ್ಟುಕೊಳ್ಳಿ. ಗಣಿತಕ್ಕೆ 80 ಅಂಕ, 38 ಪ್ರಶ್ನೆ. ಬಹು ಆಯ್ಕೆ ಬರೀ 8, ಅಂದರೆ 8 ಅಂಕ. ಆಮೇಲೆ ಒಂದು ಅಂಕದವು 8, ಎರಡು ಅಂಕದವು 8, ಮೂರು ಅಂಕದವು 9, ನಾಲ್ಕು ಅಂಕದವು 4, ಐದು ಅಂಕದ್ದು 1. ಎರಡು ಅಂಕದಿಂದ ಮೇಲಿನದೆಲ್ಲ ಹಂತಹಂತವಾಗಿ ಬರೆಯುವಂಥದ್ದು, ಕೂಡಿದರೆ 64 ಅಂಕ. ಸೂತ್ರ ಬರೆದರೆ ಇಷ್ಟು, ಬೆಲೆ ಹಾಕಿದರೆ ಇಷ್ಟು ಅಂತ ಹಂತಕ್ಕೆ ಅಂಕ ಬೀಳುತ್ತದೆ. ಕೊನೆಗೆ ಉತ್ತರ ತಪ್ಪಾದರೂ ದಾರಿ ಸರಿಯಿದ್ದರೆ ಮಗುವಿನ ಕೈಗೆ ಏನೋ ಸಿಗುತ್ತದೆ. ನಮ್ಮ ಕಡೆ ಮಕ್ಕಳನ್ನು ದಡ ಸೇರಿಸುವುದೇ ಈ ಅರ್ಧ ಅಂಕ, ಒಂದು ಅಂಕ. ನಾನು ಆ 64 ಅಂಕದ ಕೆಲಸ ಬಿಟ್ಟು 8 ಅಂಕಕ್ಕೆ ವರ್ಷವಿಡೀ ಅಭ್ಯಾಸ ಮಾಡಿಸಿದ್ದೆ. ಉಳಿದ ಸಮಯದಲ್ಲಿ ಬೆಳಿಗ್ಗೆ ಸಂಜೆ ವಿಶೇಷ ತರಗತಿ ಮಾಡಿ ಒಂದಷ್ಟು ಸರಿಪಡಿಸಿದೆ, ಆದರೆ ಎಲ್ಲರನ್ನೂ ದಡ ಮುಟ್ಟಿಸೋಕೆ ಆಗಲಿಲ್ಲ. ದಡ ಮುಟ್ಟದೆ ಉಳಿದವರಲ್ಲಿ ಕೆಲವರು ಶಾಲೆಯನ್ನೇ ಬಿಟ್ಟು ಅಪ್ಪ ಅಮ್ಮನ ಜೊತೆ ಪುಣೆಗೆ ದುಡಿಯೋಕೆ ಹೋದರು. ಅದು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಹಾಗಂತ ಟ್ಯಾಬ್ ಕಪಾಟಿಗೆ ಹಾಕಿ ಬೀಗ ಹಾಕಿ ಅನ್ನುತ್ತಿಲ್ಲ. ನಾನು ಈಗಲೂ ಬಳಸುತ್ತೇನೆ, ಮುಂಚೆಗಿಂತ ಜಾಸ್ತಿ ಉಪಯೋಗ ಆಗುತ್ತಿದೆ. ಸರಿ ಉತ್ತರ ಎಣಿಸುವುದನ್ನು ಬಿಟ್ಟು ತಪ್ಪು ಉತ್ತರ ಓದೋಕೆ ಶುರು ಮಾಡಿದೆ, ಅಷ್ಟೇ ವ್ಯತ್ಯಾಸ.

ಅದೇ ಲೆಕ್ಕ ತಗೊಳ್ಳಿ. (x − 3)(x − 4) ವರೆಗೆ ಸರಿ ಬಂದು, ಉತ್ತರ −3, −4 ಅಂತ ಬರೆಯುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಅಪವರ್ತನ ಗೊತ್ತು, ಅದನ್ನು ಸೊನ್ನೆಗೆ ಸಮ ಮಾಡುವುದು ಮರೆತಿದೆ. ಮಧ್ಯದ ಪದವನ್ನೇ ತಪ್ಪಾಗಿ ಒಡೆದು 2, 6 ತರುವವರು ಬೇರೆ ಗುಂಪು. ಇವರಿಬ್ಬರಿಗೂ ಬೇಕಾದ ಪಾಠ ಬೇರೆ ಬೇರೆ, ಅಲ್ವಾ? ಅದಕ್ಕೆ ತಪ್ಪು ಆಯ್ಕೆಗಳನ್ನು ನಾನು ನೋಟ್‌ಬುಕ್‌ನಲ್ಲಿ ಸಿಕ್ಕ ತಪ್ಪುಗಳಿಂದಲೇ ಮಾಡುತ್ತೇನೆ. ಮಕ್ಕಳು ಮೊದಲು ನೋಟ್‌ಬುಕ್‌ನಲ್ಲಿ ಬಿಡಿಸಬೇಕು, ಆಮೇಲೆ ಟ್ಯಾಬ್ ಮುಟ್ಟಬೇಕು. ಒಂದೇ ಅವಕಾಶ. ಐದೇ ಪ್ರಶ್ನೆ. ಮರುದಿನ ಬೆಳಿಗ್ಗೆ ಯಾರು ಯಾವ ತಪ್ಪು ಆಯ್ಕೆ ಒತ್ತಿದ್ದಾರೆ ಅಂತ ನೋಡಿ ಅವರನ್ನು ಗುಂಪು ಮಾಡಿ ಕೂರಿಸುತ್ತೇನೆ, ಅವರ ನೋಟ್‌ಬುಕ್ ಮಾತ್ರ ಆ ದಿನ ಪೂರ್ತಿ ತಿದ್ದುತ್ತೇನೆ. ನೋಟ್‌ಬುಕ್ ತಿದ್ದುವ ಕೆಲಸ ಕಮ್ಮಿಯಾಗಿಲ್ಲ. ಯಾವ ನೋಟ್‌ಬುಕ್ ಮೊದಲು ತೆಗೆಯಬೇಕು ಅಂತ ಗೊತ್ತಾಗಿದೆ.

ಪ್ರಮೇಯಗಳ ವಿಷಯದಲ್ಲಿ ಟ್ಯಾಬ್ ಮರೆತುಬಿಡಿ. ದತ್ತ, ಸಾಧನೀಯ, ರಚನೆ, ಸಾಧನೆ ಅಂತ ಕೈಯಲ್ಲೇ ಬರೆಯಬೇಕು, ನೀವೇ ಓದಬೇಕು. ಬೇರೆ ದಾರಿಯೇ ಇಲ್ಲ.

ಇನ್ನು ಸಾಫ್ಟ್‌ವೇರ್ ಹೆಸರು. ದುಡ್ಡು ಕೊಡಬೇಡಿ, ಅದು ನನ್ನ ಖಡಾಖಂಡಿತ ಅಭಿಪ್ರಾಯ. ಖಾನ್ ಅಕಾಡೆಮಿ ಅನ್ನುವ ಆನ್‌ಲೈನ್ ಕಲಿಕಾ ತಾಣದ ಗಣಿತ ಕನ್ನಡದಲ್ಲಿದೆ, ಉಚಿತ. ಅದರ ಅಭ್ಯಾಸದಲ್ಲಿ ಎಷ್ಟೋ ಕಡೆ ಉತ್ತರವನ್ನು ಟೈಪ್ ಮಾಡಬೇಕು, ಹಾಗಾಗಿ ಹಾಕಿ ನೋಡುವ ಉಪಾಯ ಅಲ್ಲಿ ಅಷ್ಟು ನಡೆಯಲ್ಲ. ಪಾಠ ತಪ್ಪಿಸಿಕೊಂಡವರಿಗೆ ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ದೀಕ್ಷಾ ಅನ್ನುವ ಸರ್ಕಾರಿ ಪಾಠಗಳ ತಾಣ ತೆರೆದುಕೊಡಿ. ನಿಮ್ಮದೇ ಪ್ರಶ್ನೆಗಳಿಗೆ ಗೂಗಲ್ ಫಾರ್ಮ್ ಸಾಕು, ಆದರೆ ಅದರಲ್ಲಿ ಒಂದು ತೊಂದರೆ ಇದೆ. ಟೈಪ್ ಮಾಡಿದ ಉತ್ತರವನ್ನು ಅದು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ನೀವು ಸರಿ ಉತ್ತರದ ಕೀಯಲ್ಲಿ 3 ಅಂತ ಕೊಟ್ಟಿದ್ದರೆ ‘x=3’ ಅಂತ ಬರೆದ ಮಗುವಿಗೆ ತಪ್ಪು ಬೀಳುತ್ತದೆ. 5/2 ಮತ್ತು 2.5 ಎರಡನ್ನೂ ಸರಿ ಅಂತ ನೀವೇ ಸೇರಿಸಬೇಕು. ಇದು ಗೊತ್ತಿಲ್ಲದೆ ಮಕ್ಕಳು ಸುಮ್ನೆ ಅಳುಮುಖ ಮಾಡಿಕೊಂಡು ಕೂರುತ್ತಾರೆ.

ನೆಟ್ ನಂಬಬೇಡಿ, ಬೇಸಿಗೆಯಲ್ಲಿ ಕರೆಂಟನ್ನೂ ನಂಬಬೇಡಿ. ಶಾಲೆಯಲ್ಲಿ ಒಂದು ಕಂಪ್ಯೂಟರ್ ಮತ್ತು ವೈಫೈ ರೌಟರ್ ಇದ್ದರೆ ಕೊಲಿಬ್ರಿ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ. ಪಾಠ, ಅಭ್ಯಾಸ ಎಲ್ಲ ಒಮ್ಮೆ ಇಳಿಸಿಟ್ಟುಕೊಂಡರೆ ಆಮೇಲೆ ಟ್ಯಾಬ್‌ಗಳು ಇಂಟರ್‌ನೆಟ್ ಇಲ್ಲದೆಯೇ ಆ ಕಂಪ್ಯೂಟರ್‌ನಿಂದ ತಗೊಳ್ಳುತ್ತವೆ. ಟ್ಯಾಬ್ ಎಲ್ಲರಿಗೂ ಸಾಲದಿದ್ದರೆ ಪ್ಲಿಕರ್ಸ್ ಕಾರ್ಡು ನೋಡಿ. ಕಾಗದದ ಮೇಲೆ ಪ್ರತಿ ಮಗುವಿಗೂ ಒಂದು ಬೇರೆ ಚಿತ್ರ, ಅದನ್ನು ಯಾವ ಕಡೆ ತಿರುಗಿಸಿ ಹಿಡಿಯುತ್ತಾರೋ ಅದು ಎ, ಬಿ, ಸಿ ಅಥವಾ ಡಿ. ನೀವು ಮುಂದೆ ನಿಂತು ನಿಮ್ಮ ಮೊಬೈಲ್ ಕ್ಯಾಮೆರಾ ತೋರಿಸಿದರೆ ಇಡೀ ತರಗತಿಯ ಉತ್ತರ ಬಂದುಬಿಡುತ್ತದೆ. ಪಕ್ಕದವರ ಕಾರ್ಡಿನ ಚಿತ್ರ ಬೇರೆ ಆಗಿರುವುದರಿಂದ ನೋಡಿ ಹಿಡಿಯುವುದೂ ಕಷ್ಟ. ಯಾವುದನ್ನೇ ಹಾಕಿ, ಮಕ್ಕಳ ಪೂರ್ತಿ ಹೆಸರು, ಮನೆಯವರ ಫೋನ್ ನಂಬರ್ ಕೊಡಬೇಡಿ, ರೋಲ್ ನಂಬರ್ ಸಾಕು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18ರ ಒಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅಂತ ಇದೆ.

ಅಂಕವನ್ನು ಎಫ್‌ಎಗೆ ಸೇರಿಸುವ ಮಾತು. ಬೇಡ ಮೇಡಂ. ಅಂಕ ಸೇರುತ್ತದೆ ಅಂತ ಗೊತ್ತಾದ ದಿನವೇ ಮಕ್ಕಳು ತಪ್ಪನ್ನು ಮುಚ್ಚಿಡೋಕೆ ಶುರು ಮಾಡುತ್ತಾರೆ, ಪಕ್ಕದವರನ್ನು ಕೇಳಿ ಒತ್ತುತ್ತಾರೆ. ಆಮೇಲೆ ಬೆಳಿಗ್ಗೆ ನೋಡೋಕೆ ನಿಮಗೆ ತಪ್ಪುಗಳೇ ಸಿಗಲ್ಲ. ವರ್ಗ ಸಮೀಕರಣ ಮತ್ತು ಸಮಾಂತರ ಶ್ರೇಢಿಗೆ ನಮ್ಮ ಮಕ್ಕಳ ನೋಟ್‌ಬುಕ್‌ನಿಂದ ಆರಿಸಿದ ತಪ್ಪು ಆಯ್ಕೆಗಳ ಪಟ್ಟಿ ನನ್ನ ಹತ್ತಿರ ಇದೆ. ಬೇಕಾದರೆ ಹೇಳಿ, ಕಳಿಸುತ್ತೇನೆ.