‘ಎಷ್ಟು ಸಮಯ?’ ಎಂದು ಕೇಳುವ ಮೊದಲು ಬರಬೇಕಾದ ವರದಿ

ಗುರುತು ಸಿಗಬಾರದೆಂದು ಈ ಪ್ರಕರಣದಲ್ಲಿ ಊರು, ವಯಸ್ಸು ಮತ್ತು ಮನೆಯವರ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಕುಟುಂಬದವರ ಒಪ್ಪಿಗೆ ಇದೆ.

ಜೂನ್ ತಿಂಗಳ ಒಂದು ಮಳೆಯ ಬೆಳಗ್ಗೆ, ಉಡುಪಿಯ ನನ್ನ ಸಲಹಾ ಕೊಠಡಿಗೆ ಅಣ್ಣ ತಂಗಿ ಇಬ್ಬರು ಬಂದರು. ಅಣ್ಣ ಕುವೈತಿನಿಂದ ತುರ್ತು ರಜೆಯಲ್ಲಿ ಬಂದವರು, ತಂಗಿ ಕಾಪು ಕಡೆಯ ಶಾಲೆಯೊಂದರಲ್ಲಿ ಶಿಕ್ಷಕಿ. ಅವರ ತಾಯಿಗೆ 61 ವರ್ಷ. ಮೂವತ್ತು ವರ್ಷ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಆಕೆ ಒಂದು ದಿನವೂ ಬೀಡಿ ಸೇದಿದವರಲ್ಲ. ಬಿಡದ ಕೆಮ್ಮಿಗೆ ಮೊದಲು ಕಫದ ಔಷಧವೂ, ಎಕ್ಸ್‌ರೇಯಲ್ಲಿ ನೆರಳು ಕಂಡ ಮೇಲೆ ಕ್ಷಯದ ಔಷಧವೂ ನಡೆದಿತ್ತು. ಏದುಸಿರು ಹೆಚ್ಚಾದಾಗ ಶ್ವಾಸಕೋಶದ ಸುತ್ತ ತುಂಬಿದ್ದ ನೀರನ್ನು ತೆಗೆದು ಪರೀಕ್ಷಿಸಲಾಗಿ, ಅದರಲ್ಲಿ ಅಡಿನೋಕಾರ್ಸಿನೋಮಾ ಎಂಬ ಬಗೆಯ ಕ್ಯಾನ್ಸರ್ ಜೀವಕೋಶಗಳು ಸಿಕ್ಕಿದವು. ಪೆಟ್ ಸ್ಕ್ಯಾನ್‌ನಲ್ಲಿ ಬೆನ್ನುಮೂಳೆಗೂ ಯಕೃತ್ತಿಗೂ ಹರಡಿರುವುದು ಕಂಡಿತು. ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಹಂತ.

ಅಣ್ಣ ಕುಳಿತ ಕೂಡಲೇ ಕೇಳಿದರು: "ಮೇಡಂ, ಅಮ್ಮನಿಗೆ ಇನ್ನು ಎಷ್ಟು ಸಮಯ ಉಂಟು? ಅವರಿಗೆ ಗೊತ್ತಾಗದ ಹಾಗೆ ಚಿಕಿತ್ಸೆ ಮಾಡಿಸುವುದು ಹೇಗೆ?" ಮೊಬೈಲಿನಲ್ಲಿ ಎಲ್ಲೋ ಓದಿದ ‘ಆರು ತಿಂಗಳು’ ಎಂಬ ಲೆಕ್ಕ ಅವರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು. ಅದರ ಮೇಲೆಯೇ ಮುಂಬೈಗೆ ಮತ್ಸ್ಯಗಂಧ ರೈಲಿನ ಟಿಕೆಟು ಮಾಡಿಸಿದ್ದರು, ಮೂವತ್ತು ಸೆಂಟ್ಸ್ ಜಾಗ ಮಾರುವುದಕ್ಕೆ ದಲ್ಲಾಳಿಗೆ ಹೇಳಿದ್ದರು.

ನಾನು ಫೈಲನ್ನು ಒಂದೊಂದೇ ಹಾಳೆಯಾಗಿ ನೋಡಿದೆ. ಎಲ್ಲವೂ ಇದ್ದವು, ಒಂದನ್ನು ಬಿಟ್ಟು. ಗೆಡ್ಡೆಯ ಜೀನ್ ಪರೀಕ್ಷೆಯ ವರದಿ ಇನ್ನೂ ಬಂದಿರಲಿಲ್ಲ. ಮಾದರಿ ಹೋಗಿ ಒಂದು ವಾರವಷ್ಟೇ ಆಗಿತ್ತು.

ನಾನು ವೈದ್ಯೆಯಲ್ಲ, ಸಲಹೆಗಾರ್ತಿ. ಔಷಧವನ್ನು ನಿರ್ಧರಿಸುವುದು ಕ್ಯಾನ್ಸರ್ ತಜ್ಞರ ಕೆಲಸ. ಆದರೆ ವೈದ್ಯರ ಮುಂದೆ ಯಾವ ಪ್ರಶ್ನೆಯನ್ನು ಯಾವಾಗ ಕೇಳಬೇಕೆಂದು ತಿಳಿಸುವುದು ನನ್ನ ಕೆಲಸವೆಂದು ನಂಬಿದ್ದೇನೆ. ಆದ್ದರಿಂದ ಅವರಿಗೆ ಹೇಳಿದೆ: ‘ನಾಲ್ಕನೇ ಹಂತ’ ಎಂಬುದು ರೋಗ ಎಲ್ಲಿಯವರೆಗೆ ಹರಡಿದೆ ಎಂದು ತಿಳಿಸುತ್ತದೆಯೇ ಹೊರತು ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಸುವುದಿಲ್ಲ. ಇಜಿಎಫ್‌ಆರ್ ಎಂಬ ಜೀನಿನ ಬದಲಾವಣೆ ಧೂಮಪಾನ ಮಾಡದವರಲ್ಲಿ, ಅದರಲ್ಲೂ ಏಷ್ಯಾದ ಹೆಂಗಸರಲ್ಲಿ, ಹೆಚ್ಚಾಗಿ ಕಂಡುಬರುತ್ತದೆ. ಅದಿದ್ದರೆ ದಿನಕ್ಕೊಂದು ಮಾತ್ರೆಯಿಂದಲೇ ಚಿಕಿತ್ಸೆ ಆರಂಭಿಸಬಹುದು. ಆಸಿಮರ್ಟಿನಿಬ್ ಎಂಬ ಅಂಥ ಮಾತ್ರೆಯ ದೊಡ್ಡ ಅಧ್ಯಯನದಲ್ಲಿ ಬದುಕಿನ ಮಧ್ಯಮ ಅವಧಿ 38.6 ತಿಂಗಳಿತ್ತು, ಎಂದರೆ ಅರ್ಧದಷ್ಟು ಜನ ಅದಕ್ಕಿಂತ ಕಡಿಮೆ, ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದರು. ಇಜಿಎಫ್‌ಆರ್ ಬದಲಾವಣೆ ಇಲ್ಲದೆ ಎಎಲ್‌ಕೆ ಅಥವಾ ರಾಸ್-1 ಎಂಬ ಜೀನುಗಳ ಬದಲಾವಣೆ ಇದ್ದರೆ ಅವಕ್ಕೂ ಬೇರೆ ಮಾತ್ರೆಗಳಿವೆ. ಅಂಥದ್ದು ಯಾವುದೂ ಇಲ್ಲದಿದ್ದರೆ ಕೀಮೋ ಮತ್ತು ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಇಮ್ಯುನೋಥೆರಪಿಯ ದಾರಿ; ಆ ಜೋಡಿ ಚಿಕಿತ್ಸೆಯ ಪ್ರಮುಖ ಅಧ್ಯಯನವೊಂದರಲ್ಲಿ ಮಧ್ಯಮ ಅವಧಿ ಸುಮಾರು 22 ತಿಂಗಳು, ಬರಿಯ ಕೀಮೋ ಪಡೆದವರಲ್ಲಿ 11 ತಿಂಗಳಿಗೂ ಕಡಿಮೆ. ಹೀಗೆ ಒಂದೇ ಹಂತದ ಒಳಗೆ ಇಷ್ಟು ಅಂತರ ಇರುವಾಗ, ಆ ಒಂದು ಹಾಳೆ ಬರುವ ಮೊದಲು ‘ಆರು ತಿಂಗಳು’ ಎಂದು ಯಾರು ಹೇಳಿದರೂ ಅದು ಊಹೆ. ಅಧ್ಯಯನಗಳಿಗೆ ಸೇರಿದವರು ಸಾಮಾನ್ಯವಾಗಿ ತಕ್ಕಮಟ್ಟಿಗೆ ಗಟ್ಟಿಮುಟ್ಟಾಗಿ ಇದ್ದವರು ಎಂಬುದನ್ನೂ ನಾನು ಮರೆಮಾಚಲಿಲ್ಲ. ಅಮ್ಮ ತಾವೇ ಸ್ನಾನ ಮಾಡುತ್ತಾರೆಯೇ, ಹಗಲಿನಲ್ಲಿ ಎಷ್ಟು ಹೊತ್ತು ಮಲಗಿರುತ್ತಾರೆ ಎಂದು ಕೇಳಿದೆ, ಏಕೆಂದರೆ ಮುನ್ನೋಟದಲ್ಲಿ ಅದಕ್ಕೂ ತೂಕವಿದೆ. "ಈಗಲೂ ಬೆಳಗ್ಗಿನ ಗಂಜಿ ಅವರೇ ಬೇಯಿಸುವುದು" ಎಂದರು ಮಗಳು.

ವರದಿ ಬರುವ ಮೊದಲು ರೋಗ ಜೋರಾದರೆ ಕೀಮೋ ಆರಂಭಿಸಬಹುದು, ಆದರೆ ಇಮ್ಯುನೋಥೆರಪಿಗೆ ಆತುರಪಡುವುದು ಸರಿಯೇ ಎಂದು ವೈದ್ಯರನ್ನು ಕೇಳಿ ಎಂದೆ. ಅದರ ಬೆನ್ನಿಗೇ ಆಸಿಮರ್ಟಿನಿಬ್ ಕೊಡಬೇಕಾಗಿ ಬಂದರೆ ಶ್ವಾಸಕೋಶದ ಉರಿಯೂತದ ಅಪಾಯ ಹೆಚ್ಚು. ಮುಂಬೈಯ ಅಭಿಪ್ರಾಯ ಬೇಕೆಂದಿದ್ದರೆ ತಪ್ಪೇನೂ ಇಲ್ಲ. ಆದರೆ ಏದುಸಿರಿನ ತಾಯಿಯನ್ನು ರಾತ್ರಿಯಿಡೀ ರೈಲಿನಲ್ಲಿ ಕೂರಿಸುವ ಬದಲು ಪರೀಕ್ಷೆಗೆ ತೆಗೆದ ಮಾದರಿಯ ಸ್ಲೈಡು, ಬ್ಲಾಕು ಮತ್ತು ಸ್ಕ್ಯಾನಿನ ಸಿ.ಡಿ. ಹಿಡಿದು ಒಬ್ಬರು ಹೋಗಿಬಂದರೆ ಮೊದಲಿಗೆ ಸಾಕು.

ಜಾಗ ಮಾರುವ ವಿಚಾರದಲ್ಲಿ ಮಾತ್ರ ನಾನು ಖಡಾಖಂಡಿತವಾಗಿ ‘ಈಗ ಬೇಡ’ ಎಂದೆ. ಆಸಿಮರ್ಟಿನಿಬ್ ದುಬಾರಿ, ನಿಜ. ಆದರೆ ಹಳೆಯ ಮಾತ್ರೆ ಗೆಫಿಟಿನಿಬ್ ನಮ್ಮಲ್ಲಿ ಕಡಿಮೆ ದರಕ್ಕೆ ಸಿಗುತ್ತದೆ. ಅದರ ಜೊತೆಗೆ ಕೀಮೋ ಸೇರಿಸಿದಾಗ ರೋಗ ಹತೋಟಿಯಲ್ಲಿದ್ದ ಅವಧಿ 8 ತಿಂಗಳಿಂದ 16 ತಿಂಗಳಿಗೆ ಏರಿದ್ದನ್ನು ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರೇ 350 ರೋಗಿಗಳ ಅಧ್ಯಯನದಲ್ಲಿ ತೋರಿಸಿದ್ದಾರೆ. ಬಿ.ಪಿ.ಎಲ್. ಕಾರ್ಡು ಇದ್ದುದರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಯಾವ ಚಿಕಿತ್ಸೆ ಸೇರುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ವಿಚಾರಿಸಲು ಕಳುಹಿಸಿದೆ. ಮಲೆನಾಡಿನಿಂದ ತಂದಿದ್ದ ಮರದ ತೊಗಟೆಯ ಕಷಾಯವನ್ನು ವೈದ್ಯರಿಗೆ ತಿಳಿಸದೆ ಕೊಡಬಾರದೆಂದೂ ಹೇಳಿದೆ, ಮಾತ್ರೆಯನ್ನು ಅರಗಿಸಬೇಕಾದ ಯಕೃತ್ತೇ ಅದನ್ನೂ ಅರಗಿಸಬೇಕಲ್ಲ.

ಉಳಿದದ್ದು ಎರಡನೆಯ ಪ್ರಶ್ನೆ. ಮಗನ ಕೋರಿಕೆಯ ಹಿಂದೆ ಇದ್ದದ್ದು ಪ್ರೀತಿಯೇ, ಅದನ್ನು ನಾನು ಖಂಡಿಸಲಿಲ್ಲ. ಅಮ್ಮನಿಗೆ ಎಷ್ಟು ತಿಳಿದಿದೆ ಎಂದು ಅವರಿಂದಲೇ ಕೇಳೋಣ, ಅವರು ಬೇಡವೆಂದದ್ದನ್ನು ನಾನು ಹೇಳುವುದಿಲ್ಲ ಎಂಬ ಮಾತಿನ ಮೇಲೆ ಎರಡು ದಿನ ಬಿಟ್ಟು ಅವರನ್ನು ಕರೆದುಕೊಂಡು ಬಂದರು. ಸಪೂರ ಹೆಂಗಸು, ಮಡಿಲಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ. ಬೆರಳುಗಳು ಅದರ ಅಂಚನ್ನು ಎಲೆಯಂತೆ ಸುರುಳಿ ಸುತ್ತುತ್ತಿದ್ದವು. "ಅಮ್ಮಾ, ನಿಮ್ಮ ಕಾಯಿಲೆಯ ಬಗ್ಗೆ ನಿಮಗೆ ಏನು ಅನಿಸುತ್ತದೆ?" ಎಂದು ಕೇಳಿದೆ. ಅವರು ಮಗನ ಕಡೆಗೆ ನೋಡದೆ ಹೇಳಿದರು: "ಆ ಆಸ್ಪತ್ರೆಯ ಬಾಗಿಲಲ್ಲಿ ಕನ್ನಡದಲ್ಲಿಯೇ ಬರೆದಿದ್ದಾರೆ, ಕ್ಯಾನ್ಸರ್ ಅಂತ. ನಾನು ಐದನೇ ಕ್ಲಾಸು ಓದಿದ್ದೇನೆ. ಮಗನಿಗೆ ಬೇಜಾರಾಗ್ತದೆ ಅಂತ ಸುಮ್ಮನಿದ್ದೆ."

ಮಗ ಅತ್ತರು. ಅದನ್ನು ತಡೆಯಲು ಯಾರೂ ಹೋಗಲಿಲ್ಲ.

ಪೂರ್ತಿ ಗುಣವಾಗುವ ಹಂತವಲ್ಲ, ಆದರೆ ಹತೋಟಿಗೆ ತರುವ ದಾರಿ ಇರಬಹುದು, ವರದಿ ಬಂದ ಮೇಲೆ ವೈದ್ಯರು ಸ್ಪಷ್ಟವಾಗಿ ಹೇಳುತ್ತಾರೆ ಎಂದು ಅವರ ಒಪ್ಪಿಗೆ ಪಡೆದೇ ತಿಳಿಸಿದೆ. ಅವರು ದಿನಗಳ ಲೆಕ್ಕ ಕೇಳಲಿಲ್ಲ. ಬೀಡಿಯ ಪಿ.ಎಫ್. ಖಾತೆಯಲ್ಲಿ ನಾಮಿನಿಯಾಗಿ ತೀರಿಕೊಂಡ ಗಂಡನ ಹೆಸರೇ ಇದೆ, ಅದನ್ನು ಮಗಳ ಹೆಸರಿಗೆ ಮಾಡಿಸಬೇಕು ಎಂದರು. ಬೆನ್ನುನೋವಿನಿಂದ ರಾತ್ರಿ ನಿದ್ದೆಯಿಲ್ಲ ಎಂದೂ ಹೇಳಿದರು. ಮಕ್ಕಳಿಬ್ಬರಿಗೂ ಅದು ಗೊತ್ತಿರಲಿಲ್ಲ. ಅದೇ ದಿನ, ನೋವಿನಂಥ ತೊಂದರೆಗಳನ್ನು ತಗ್ಗಿಸುವ ಉಪಶಾಮಕ ಆರೈಕೆಯ ವಿಭಾಗಕ್ಕೆ ಚೀಟಿ ಬರೆದುಕೊಟ್ಟೆ. ಅದು ಕೊನೆಯ ದಿನಗಳಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬಲವಾಗಿದೆ. 2010ರಲ್ಲಿ ಅಮೆರಿಕದಲ್ಲಿ ಇದೇ ರೋಗದ 151 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ, ಮೊದಲಿನಿಂದಲೇ ಆ ಆರೈಕೆ ಪಡೆದವರು ಹೆಚ್ಚು ನೆಮ್ಮದಿಯಿಂದ ಇದ್ದುದಲ್ಲದೆ ಹೆಚ್ಚು ಕಾಲವೂ ಬದುಕಿದ್ದರು: 8.9 ತಿಂಗಳ ಬದಲು 11.6 ತಿಂಗಳು.

ವರದಿ ಮುಂದಿನ ವಾರ ಬಂತು. ಇಜಿಎಫ್‌ಆರ್ ಬದಲಾವಣೆ ಇತ್ತು. ಮಾತ್ರೆ ಆರಂಭವಾದ ಮೂರನೆಯ ವಾರ ಮುಖದ ಮೇಲೆ ಗುಳ್ಳೆಗಳೆದ್ದು ಮಗಳು ಗಾಬರಿಯಿಂದ ಫೋನ್ ಮಾಡಿದಾಗ, ಇದು ಈ ಮಾತ್ರೆಗಳಿಗೆ ಸಾಮಾನ್ಯ, ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತೋರಿಸಿ ಎಂದೆ. ಮೂರು ತಿಂಗಳ ಸ್ಕ್ಯಾನಿನಲ್ಲಿ ಗೆಡ್ಡೆ ಕುಗ್ಗಿದೆ. ಕೆಲವು ಸಮಯದ ಬಳಿಕ ಈ ಮಾತ್ರೆಯ ಹಿಡಿತ ಸಡಿಲಾಗುವುದುಂಟು, ಆಗ ಮತ್ತೆ ಜೀನ್ ಪರೀಕ್ಷೆ ಮಾಡಿ ಮುಂದಿನ ದಾರಿ ನೋಡಬೇಕಾಗುತ್ತದೆ ಎಂಬುದನ್ನು ಈಗ ಮೂವರನ್ನೂ ಕೂರಿಸಿಯೇ ಹೇಳಿದ್ದೇನೆ. ಮಗ ಕುವೈತಿಗೆ ಮರಳಿದ್ದಾರೆ. ಮುಂದಿನ ಸ್ಕ್ಯಾನಿನ ವರದಿಯನ್ನು ಮೊದಲು ತನಗೆ ಓದಿ ಹೇಳಬೇಕು, ಮಗನಿಗೆ ತಾನೇ ಫೋನ್ ಮಾಡುತ್ತೇನೆ ಎಂದು ಅಮ್ಮ ಮಗಳಿಗೆ ತಾಕೀತು ಮಾಡಿದ್ದಾರಂತೆ.