ಗೋಲು ಹೊಡೆದವರ ಪಟ್ಟಿ ಸಾಕೇ?

ಬೆಳಗಾವಿಯ ಓದುಗರೊಬ್ಬರು ಬರೆದಿದ್ದಾರೆ: “ದಕ್ಷಿಣ ಕೊರಿಯಾದ ಫುಟ್‌ಬಾಲ್ ಡಿಫೆಂಡರ್ ಜಾಂಗ್ ಸೆಲ್-ಗಿ ಬಗ್ಗೆ ಮೂರು ಪುಟ ಕೊಟ್ಟಿರಿ. ಜಿ ಸೋ-ಯುನ್‌ಗೆ ಒಂದೇ ಪ್ಯಾರಾ. ಪಂದ್ಯ ಗೆಲ್ಲುವುದು ಗೋಲಿನಿಂದಲ್ಲವೇ? ನಮ್ಮೂರಿನ ಹೆಣ್ಣುಮಕ್ಕಳ ಟೂರ್ನಿಯಲ್ಲೂ ಹೆಚ್ಚು ಗೋಲು ಹೊಡೆದವರಿಗೇ ಕಪ್ ಕೊಡುತ್ತೇವೆ. ತಡೆಯುವವರನ್ನು ಅಳೆಯುವುದಾದರೂ ಹೇಗೆ?”

ಕೊನೆಯ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ವಂದನೆ. ಉಳಿದದ್ದಕ್ಕೆ ಸ್ವಲ್ಪ ಜಗಳವಿದೆ.

ಜಿ ಸೋ-ಯುನ್ ದೊಡ್ಡ ಆಟಗಾರ್ತಿ, ಒಪ್ಪಿದೆವು. 2014ರಿಂದ 2022ರವರೆಗೆ ಇಂಗ್ಲೆಂಡಿನ ಚೆಲ್ಸಿಯಲ್ಲಿ ಆಡಿದವರು, ಗಂಡಸರ ತಂಡದ ಚಾ ಬಮ್-ಕುನ್ ದೇಶಕ್ಕಾಗಿ ಹೊಡೆದ 58 ಗೋಲುಗಳನ್ನು ದಾಟಿ ಕೊರಿಯಾದ ಗಂಡಸರು, ಹೆಂಗಸರು ಎಲ್ಲರಿಗಿಂತ ಮುಂದೆ ಹೋದವರು. ಆದರೆ ಅವರ ಬಗ್ಗೆ ಬರೆಯಲು ಎಲ್ಲ ಪತ್ರಿಕೆಗಳೂ ಇವೆ. ನಮ್ಮ ಮೂರು ಪುಟ ಎಡ ಬದಿಯಲ್ಲಿ ಓಡುವವರಿಗೆ ಹೋದರೆ ಯಾರ ಗಂಟು ಹೋಯಿತು?

2018ರ ಏಷ್ಯಾ ಕಪ್ ನೋಡಿ. ಜೋರ್ಡನ್‌ನಲ್ಲಿ ಕೊರಿಯಾ ಆಸ್ಟ್ರೇಲಿಯಾ ಜೊತೆ 0-0, ಜಪಾನ್ ಜೊತೆ 0-0, ವಿಯೆಟ್ನಾಂ ಮೇಲೆ 4-0. ಒಂದೂ ಗೋಲು ಬಿಡಲಿಲ್ಲ, ಆದರೂ ಸೆಮಿಫೈನಲ್ ಇಲ್ಲ. ಮೂರು ತಂಡಗಳಿಗೂ ತಲಾ 5 ಅಂಕ. ಆ ಮೂವರ ನಡುವಿನ ಪಂದ್ಯಗಳನ್ನಷ್ಟೇ ಲೆಕ್ಕ ಹಾಕಿದಾಗ, ತಮ್ಮೊಳಗೆ 1-1 ಆಡಿದ್ದ ಜಪಾನ್ ಮತ್ತು ಆಸ್ಟ್ರೇಲಿಯಾಗಳಿಗೆ ಒಂದೊಂದು ಗೋಲಿತ್ತು, ಕೊರಿಯಾಕ್ಕೆ ಸೊನ್ನೆ. “ನಾನು ಹೇಳಿದ್ದೂ ಅದನ್ನೇ” ಎನ್ನುತ್ತೀರಿ. ತಾಳಿ. ಐದನೇ ಸ್ಥಾನಕ್ಕೆ, ಅಂದರೆ 2019ರ ವಿಶ್ವಕಪ್ ಟಿಕೆಟ್‌ಗೆ, ಫಿಲಿಪ್ಪೀನ್ಸ್ ಎದುರು ಆಡಬೇಕಾಯಿತು. 34ನೇ ನಿಮಿಷದಲ್ಲಿ ಮೊದಲ ಗೋಲು ಹೊಡೆದದ್ದು ನಮ್ಮ ಈ ಜಾಂಗ್. ಪಂದ್ಯ 5-0. ನಾಲ್ಕು ಪಂದ್ಯ ಆಡಿ ಒಂದೂ ಗೋಲು ಬಿಟ್ಟುಕೊಡದ ತಂಡ ಅದು. ಅದನ್ನು ಎಷ್ಟು ಜನ ನೆನಪಿಟ್ಟಿದ್ದಾರೆ?

ಆ ಟೂರ್ನಿಗೆ ಕೊರಿಯಾ ಹೋದದ್ದೂ ಜಾಂಗ್ ಕಾಲಿನ ಪುಣ್ಯದಿಂದಲೇ. 2017ರ ಏಪ್ರಿಲ್ 7ರಂದು ಪ್ಯೊಂಗ್ಯಾಂಗ್‌ನ ಕಿಮ್ ಇಲ್-ಸುಂಗ್ ಕ್ರೀಡಾಂಗಣದಲ್ಲಿ ಅರ್ಹತಾ ಪಂದ್ಯ. ಮೊದಲಲ್ಲೇ ಉತ್ತರ ಕೊರಿಯಾಕ್ಕೆ ಪೆನಾಲ್ಟಿ ಸಿಕ್ಕಿತು, ಗೋಲ್‌ಕೀಪರ್ ಕಿಮ್ ಜುಂಗ್-ಮಿ ತಡೆದರು. ಆಮೇಲೆ 0-1. ದ್ವಿತೀಯಾರ್ಧದಲ್ಲಿ ಜಾಂಗ್ ಹೊಡೆದ ಚೆಂಡು ಎದುರಾಳಿಗೆ ತಗುಲಿ ದಿಕ್ಕು ಬದಲಿಸಿ ಒಳಗೆ ಹೋಯಿತು, 1-1. ಗುಂಪಿನಲ್ಲಿ ಎರಡೂ ಕೊರಿಯಾಗಳ ಅಂಕ ಸಮವಾದಾಗ ಗೋಲುಗಳ ಅಂತರವೇ ತೀರ್ಪು. ಅದರಲ್ಲಿ ನಮ್ಮ ಪಾಲೂ ಇದೆ: ಅದೇ ಗುಂಪಿನಲ್ಲಿದ್ದ ಭಾರತದ ಹುಡುಗಿಯರು ಉತ್ತರ ಕೊರಿಯಾಕ್ಕೆ 0-8, ದಕ್ಷಿಣ ಕೊರಿಯಾಕ್ಕೆ 0-10 ಸೋತಿದ್ದರು. ನಾವು ಹೆಚ್ಚುವರಿಯಾಗಿ ಬಿಟ್ಟ ಆ ಎರಡು ಗೋಲುಗಳೂ ದಕ್ಷಿಣದ ಖಾತೆಗೇ ಜಮಾ ಆದವು. ಉತ್ತರ ಕೊರಿಯಾ ಏಷ್ಯಾ ಕಪ್ಪನ್ನೂ ಆ ಮೂಲಕ 2019ರ ವಿಶ್ವಕಪ್ಪನ್ನೂ ಕಳೆದುಕೊಂಡಿತು.

1994ರಲ್ಲಿ ಇಂಚೆಯಾನ್‌ನಲ್ಲಿ ಹುಟ್ಟಿದ ಜಾಂಗ್ ಮೊದಲು ಮುಂಪಡೆಯವರು. 2010ರಲ್ಲಿ ಟ್ರಿನಿಡಾಡ್‌ನಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಫೈನಲ್‌ನಲ್ಲಿ ಜಪಾನ್ ಎದುರು 3-3 ಆದ ಮೇಲೆ ಪೆನಾಲ್ಟಿ ಶೂಟೌಟ್‌ನ ನಿರ್ಣಾಯಕ ಕೊನೆಯ ಒದೆತ ಇವರದೇ. ದಕ್ಷಿಣ ಕೊರಿಯಾದ ಯಾವುದೇ ತಂಡ ಗೆದ್ದ ಮೊದಲ ಫಿಫಾ ಕಪ್ ಅದು. ಕೋಬೆಯ ಕ್ಲಬ್, ಇಂಚೆಯಾನ್ ಹ್ಯುಂಡೈ ಸ್ಟೀಲ್, 2020ರಲ್ಲಿ ಕೋವಿಡ್ ಕತ್ತರಿಸಿದ ಒಂದಿಷ್ಟು ತಿಂಗಳ ಮ್ಯಾಡ್ರಿಡ್, ಮತ್ತೆ ಇಂಚೆಯಾನ್, 2024ರಲ್ಲಿ ಗ್ಯೊಂಗ್‌ಜು. ಕ್ಲಬ್ಬುಗಳ ಮಾತು ಅಷ್ಟು ಸಾಕು. ಹೇಳಬೇಕಾದ್ದು ಮುಂಪಡೆಯವರನ್ನು ಲೆಫ್ಟ್ ಬ್ಯಾಕ್, ಅಂದರೆ ಎಡ ಬದಿಯ ರಕ್ಷಕಿ, ಮಾಡುವ ಕಷ್ಟವನ್ನು.

ಹಿಂದೆ ಬಂದ ಮುಂಪಡೆಯವರು ಮೊದಮೊದಲು ಚೆಂಡಿಗೆ ನೇರ ಎದುರಾಗಿ ನಿಲ್ಲುತ್ತಾರೆ. ಬದಿ ಕಾಯುವ ಫುಲ್‌ಬ್ಯಾಕ್ ಹಾಗೆ ಎರಡೂ ಪಾದ ಸಮ ಇಟ್ಟು ನಿಂತರೆ ಕೆಟ್ಟರು. ಬದಿಯಿಂದ ದಾಳಿ ಮಾಡುವ ವಿಂಗರ್ ಒಂದೇ ತಟ್ಟಿನಲ್ಲಿ ಚೆಂಡನ್ನು ಪಕ್ಕಕ್ಕೆ ದಾಟಿಸಿ ಓಡುತ್ತಾಳೆ, ಇವರು ಮೈ ತಿರುಗಿಸುವಷ್ಟರಲ್ಲಿ ಎರಡು ಹೆಜ್ಜೆ ಹಿಂದೆ. ಒಂದು ಕಾಲು ಮುಂದೆ, ಒಂದು ಹಿಂದೆ, ಮೈ ಓರೆ, ಚೆಂಡೂ ವಿಂಗರೂ ಒಟ್ಟಿಗೆ ಕಾಣಬೇಕು. ತೀರಾ ಹತ್ತಿರ ಹೋದರೆ ಇವರಿಗೆ ಬೆನ್ನು ಒರಗಿಸಿ ತಿರುಗುತ್ತಾಳೆ, ತೀರಾ ದೂರ ನಿಂತರೆ ಆರಾಮಾಗಿ ಗೋಲಿನ ಮುಂದಕ್ಕೆ ಕ್ರಾಸ್ ಹಾಕುತ್ತಾಳೆ. ಚೆಂಡು ಆಚೆ ಬದಿಗೆ ಹೋದಾಗ ಪೆನಾಲ್ಟಿ ಪ್ರದೇಶದ ಅಗಲದೊಳಕ್ಕೆ ಸರಿಯಬೇಕು. ಹೊಸದಾಗಿ ಹಿಂದೆ ಬಂದ ಮುಂಪಡೆಯವರು ಮರೆಯುವುದು ಇದನ್ನೇ. ತಾವು ಕಾಯುವ ವಿಂಗರ್ ಪಕ್ಕ ಟಚ್‌ಲೈನಿಗೆ ಅಂಟಿಕೊಂಡಿರುತ್ತಾರೆ, ದೂರದ ಕಂಬದ ಬಳಿ ಯಾರೋ ಒಂಟಿಯಾಗಿ ತಲೆ ಕೊಟ್ಟು ಗೋಲು ಮಾಡುತ್ತಾರೆ. ನಡುವೆ ಕಾಯುವ ಸೆಂಟರ್ ಬ್ಯಾಕ್‌ಗಳು ಮುಂದೆ ಸರಿದಾಗ ಇವರೊಬ್ಬರು ಒಂದು ಮೀಟರ್ ಹಿಂದುಳಿದರೂ ಎದುರಾಳಿಯನ್ನು ಆಫ್‌ಸೈಡ್‌ನಲ್ಲಿ ಸಿಲುಕಿಸುವ ಗೆರೆ ಹಾಳು. ಇಷ್ಟೆಲ್ಲ ಆದ ಮೇಲೆ ಮುಂದಕ್ಕೂ ಓಡಬೇಕು. ಅದೂ ಆಚೆಯ ಫುಲ್‌ಬ್ಯಾಕ್ ಹಿಂದೆ ನಿಂತಿದ್ದಾಗ ಮಾತ್ರ. ಇಬ್ಬರೂ ಒಟ್ಟಿಗೆ ಹೋಗಿ ಮಧ್ಯದಲ್ಲಿ ಚೆಂಡು ಎದುರಾಳಿಗೆ ಹೋಯಿತೋ, ಇಬ್ಬರು ಸೆಂಟರ್ ಬ್ಯಾಕ್‌ಗಳು ಇಡೀ ಮೈದಾನದ ಅಗಲ ಕಾಯಬೇಕು.

ಈ ಕೆಲಸಕ್ಕೆ ಪತ್ರಿಕೆಯಲ್ಲಿ ಜಾಗವಿಲ್ಲ. ಡಿಫೆಂಡರ್ ಹೆಸರು ಅಚ್ಚಾಗುವುದು ತಪ್ಪು ಮಾಡಿದಾಗಷ್ಟೇ: 2019ರ ವಿಶ್ವಕಪ್‌ನಲ್ಲಿ ನೈಜೀರಿಯಾ ಎದುರು ಕೊರಿಯಾದ ಕಿಮ್ ಡೋ-ಯೋನ್ ತಮ್ಮದೇ ಗೋಲಿಗೆ ಹೊಡೆದ ಚೆಂಡು, 2023ರ ವಿಶ್ವಕಪ್‌ನಲ್ಲಿ ಕೊಲಂಬಿಯಾ ಎದುರು ಶಿಮ್ ಸಿಯೋ-ಯೋನ್ ಕೈಗೆ ತಗುಲಿದ ಚೆಂಡು. ಗೋಲು ಬಿಡದಿದ್ದರೆ ಕೀರ್ತಿ ಗೋಲ್‌ಕೀಪರ್‌ಗೆ, ಬಿಟ್ಟರೆ ಬೈಗುಳ ಇವರಿಗೆ. ನಮ್ಮಲ್ಲಂತೂ ಪಂದ್ಯದ ವರದಿ ಎಂದರೆ ಗೋಲು ಹೊಡೆದವರ ಹೆಸರು, ನಿಮಿಷ, ಮುಖ್ಯ ಅತಿಥಿಗಳ ಭಾಷಣ. ಶಾಲೆಯಲ್ಲಿ ಹಿಂದೆ ನಿಲ್ಲಿಸುವುದು ಆಟ ಬಾರದ ಹುಡುಗಿಯನ್ನು. ಹಾಗಿರುವಾಗ ಪ್ಯೊಂಗ್ಯಾಂಗ್‌ನಲ್ಲಿ ಹತ್ತು ಗೋಲು ತಿಂದೆವೆಂದು ಬೆರಗೇಕೆ?

2025ರ ಜುಲೈನಲ್ಲಿ, ಪೂರ್ವ ಏಷ್ಯಾ ಟೂರ್ನಿ ಕೊರಿಯಾದಲ್ಲೇ ನಡೆದಾಗ, 2018ರ ಆ ಲೆಕ್ಕವೇ ಮರಳಿತು. ಕೊರಿಯಾ, ಚೀನಾ, ಜಪಾನ್ ಮೂವರಿಗೂ 5 ಅಂಕ, ಪರಸ್ಪರ ಪಂದ್ಯಗಳೆಲ್ಲ ಡ್ರಾ. ಈ ಸಲ ಮೂವರ ನಡುವೆ ಹೆಚ್ಚು ಗೋಲು ಹೊಡೆದದ್ದು ಕೊರಿಯಾ: ಅದಕ್ಕೆ 3, ಚೀನಾಕ್ಕೆ 2, ಜಪಾನ್‌ಗೆ 1. ಆ ಮೂರರಲ್ಲಿ ಒಂದು, ಚೀನಾ ಎದುರು ಮೊದಲಾರ್ಧದ ಕೊನೆಯಲ್ಲಿ, ಜಾಂಗ್ ಅವರದು. ಚೀನೀ ತೈಪೆ ಎದುರಿನ 2-0 ಗೆಲುವಿನ ಎರಡನೇ ಗೋಲೂ ಅವರದೇ. 2005ರ ನಂತರ ಸಿಕ್ಕ ಮೊದಲ ಕಪ್, ಟೂರ್ನಿಯ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ ಜಾಂಗ್‌ಗೆ. ನಿಮ್ಮ ಗೋಲಿನ ವಾದಕ್ಕೂ ಇವರೇ ಉತ್ತರ ಕೊಟ್ಟರು ನೋಡಿ.

ಇನ್ನು ಅಳೆಯುವ ವಿಷಯ. ಟ್ಯಾಕಲ್, ಅಂದರೆ ಕಾಲು ಹಾಕಿ ಚೆಂಡು ಕಸಿಯುವುದನ್ನು, ಎಣಿಸಬೇಡಿ. ಸರಿಯಾದ ಜಾಗದಲ್ಲಿ ನಿಂತವರಿಗೆ ಟ್ಯಾಕಲ್ ಮಾಡುವ ಪ್ರಮೇಯವೇ ಕಡಿಮೆ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ: ವಿಂಗರ್ ದಾಟಿಹೋದದ್ದು, ಕ್ರಾಸ್ ಬಿಟ್ಟದ್ದು, ಚೆಂಡು ಕಸಿದು ತಮ್ಮವರಿಗೇ ಕೊಟ್ಟದ್ದು, ಮುಂದೆ ಹೋದಾಗ ಹಿಂದಿನ ಜಾಗದಲ್ಲಿ ದಾಳಿ ಆದದ್ದು. ಹೊರಗೆ ಒದ್ದದ್ದಕ್ಕೆ ಅಂಕವಿಲ್ಲ. ದುರ್ಬಲ ತಂಡದ ಎದುರು ಎಲ್ಲರೂ ಚೆನ್ನಾಗಿ ಕಾಣುತ್ತಾರೆ, ಆದ್ದರಿಂದ ಸೆಮಿಫೈನಲ್ ಮತ್ತು ಫೈನಲ್ ಲೆಕ್ಕವನ್ನಷ್ಟೇ ಹೋಲಿಸಿ. ಎಡಕ್ಕೊಬ್ಬರು, ಬಲಕ್ಕೊಬ್ಬರು ಕೂತು ಬರೆಯಲಿ. ಒಬ್ಬರಿಗೇ ಎರಡೂ ಬದಿ ಕೊಟ್ಟರೆ ಕಣ್ಣು ಚೆಂಡಿನ ಹಿಂದೆ ಓಡುತ್ತದೆ, ಕಾಲಂ ಖಾಲಿ ಉಳಿಯುತ್ತದೆ, ಕಪ್ ಮತ್ತೆ ಗೋಲು ಹೊಡೆದವರಿಗೇ ಹೋಗುತ್ತದೆ.