ಯುಗಾದಿಗೆ ಬಿತ್ತಿದ ಚೈವ್ಸ್ ಏಕೆ ಒಣಗಿತು?

ಪ್ರಶ್ನೆ: ಮಗಳು ಬೆಂಗಳೂರಿನಿಂದ ಚೈವ್ಸ್ ಬೀಜದ ಪೊಟ್ಟಣ ತಂದುಕೊಟ್ಟಿದ್ದಳು. ಯುಗಾದಿ ಮುಗಿದ ಮೇಲೆ ತಾರಸಿಯ ಕುಂಡದಲ್ಲಿ ಬಿತ್ತಿದೆ. ನಾಲ್ಕಾರು ಮೊಳಕೆ ಬಂದವು. ದಿನಕ್ಕೆ ಎರಡು ಹೊತ್ತು ನೀರು ಹಾಕಿದರೂ ತಿಂಗಳೊಳಗೆ ಒಣಗಿಹೋದವು. ನನ್ನ ಕೈಗುಣವೇ ಸರಿಯಿಲ್ಲವೇ?
– ಗೃಹಿಣಿ, ದಾವಣಗೆರೆ

ಉತ್ತರ: ಕೈಗುಣಕ್ಕೆ ಏನೂ ಆಗಿಲ್ಲ, ತಿಂಗಳು ತಪ್ಪಿದೆ ಅಷ್ಟೆ. ಚೈವ್ಸ್ ಈರುಳ್ಳಿಯ ಕುಲದ್ದೇ ಆದರೂ ದೊಡ್ಡ ಗಡ್ಡೆ ಕಟ್ಟುವುದಿಲ್ಲ. ಎಲೆಗಾಗಿಯೇ ಬೆಳೆಸುವ ಗಿಡ. ಹುಟ್ಟೂರು ತಂಪು ನಾಡು. ಅಲ್ಲಿ ಹಿಮ ಬೀಳುವಾಗ ಮಲಗಿ, ವಸಂತಕ್ಕೆ ಏಳುತ್ತದೆ. ಬೀಜದ ಪೊಟ್ಟಣಗಳ ಮೇಲೆ ಎಷ್ಟೋ ಸಲ ಆ ವಸಂತದ ಲೆಕ್ಕವೇ ಅಚ್ಚಾಗಿರುತ್ತದೆ, ಅದನ್ನು ನಂಬಿ ಕೆಟ್ಟವರು ನೀವೊಬ್ಬರೇ ಅಲ್ಲ. ಬೀಜ ಚೆನ್ನಾಗಿ ಮೊಳೆಯುವುದು 15ರಿಂದ 21 ಡಿಗ್ರಿಯಲ್ಲಿ. ದಾವಣಗೆರೆಯ ಏಪ್ರಿಲ್ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಕಾದ ತಾರಸಿಯ ಮೇಲಿನ ಕುಂಡದ ಮಣ್ಣಂತೂ ಗಾಳಿಗಿಂತಲೂ ಬಿಸಿ. ಜಗಳೂರು, ಚಳ್ಳಕೆರೆ ಕಡೆ ಈರುಳ್ಳಿ ಬೆಳೆಯುತ್ತದಲ್ಲ ಎನ್ನಬಹುದು. ಅಲ್ಲಿನ ಮಳೆಯಾಶ್ರಿತ ಈರುಳ್ಳಿಯನ್ನೂ ಮುಂಗಾರು ನೋಡಿಯೇ ಬಿತ್ತುತ್ತಾರೆ.

ಎರಡು ಹೊತ್ತಿನ ನೀರು ಉಪಕಾರಕ್ಕಿಂತ ಅಪಕಾರವನ್ನೇ ಮಾಡಿರಬೇಕು. ಬಿಸಿ ಮಣ್ಣಿನಲ್ಲಿ ನೀರು ನಿಂತರೆ ಎಳೆ ಬೇರು ಕೊಳೆಯುತ್ತದೆ. ಅದರಲ್ಲೂ ಹೊಲದ ಎರೆ ಮಣ್ಣನ್ನೇ ಕುಂಡಕ್ಕೆ ತುಂಬಿದ್ದರೆ ಕೇಳುವುದೇ ಬೇಡ: ನೆನೆದರೆ ಅಂಟು, ಒಣಗಿದರೆ ಬಿರುಕು.

ಈ ಸಲ ದಸರಾ ಕಳೆಯಲಿ. ಉಳಿದ ಬೀಜವನ್ನು ಹಾಗೇ ನಂಬಬೇಡಿ. ಈರುಳ್ಳಿ ಜಾತಿಯ ಬೀಜ ಒಂದೆರಡು ವರ್ಷದಲ್ಲೇ ಜೀವ ಕಳೆದುಕೊಳ್ಳುತ್ತದೆ. ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಎರಡು ವಾರದಲ್ಲಿ ಐದಾದರೂ ಮೊಳೆಯದಿದ್ದರೆ ಹೊಸ ಪೊಟ್ಟಣ ತನ್ನಿ. ಎಂಟು ಇಂಚು ಆಳದ ಮಣ್ಣಿನ ಕುಂಡಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಅಥವಾ ತೆಂಗಿನ ನಾರಿನ ಪುಡಿ ಸಾಕು. ಒಂದೇ ಕಡೆ ಹತ್ತು ಹದಿನೈದು ಬೀಜ ಉದುರಿಸಿ, ಅರ್ಧ ಸೆಂಟಿಮೀಟರ್ ಮಣ್ಣು ಮುಚ್ಚಿ. ಇದು ಒಂಟಿಯಾಗಿ ನಿಲ್ಲುವ ಗಿಡವಲ್ಲ, ಗುಂಪಾಗಿದ್ದರೇ ಚೆನ್ನ. ಬೆರಳು ಚುಚ್ಚಿ ನೋಡಿ, ಮೇಲಿನ ಒಂದು ಇಂಚು ಒಣಗಿದ್ದರೆ ಮಾತ್ರ ನೀರು.

ಗಿಡ ಒಂದು ಗೇಣು ಎತ್ತರಕ್ಕೆ ಬಂದ ಮೇಲೆ, ಬುಡದಿಂದ ಎರಡು ಇಂಚು ಬಿಟ್ಟು ಕತ್ತರಿಸಿ. ತುದಿಯನ್ನಷ್ಟೇ ಚಿವುಟುತ್ತಾ ಹೋದರೆ ಉಳಿದ ಎಲೆ ಕಂದಾಗಿ ನಿಲ್ಲುತ್ತದೆ. ಮಾರ್ಚ್ ಬಂತೆಂದರೆ ಕುಂಡವನ್ನು ಪೂರ್ವದ ಬಿಸಿಲಷ್ಟೇ ತಾಗುವ ಕಡೆಗೆ ಇಳಿಸಿ. ಆಗ ಎಲೆ ಹಳದಿಯಾದರೆ ಕತ್ತರಿಸಿಬಿಡಿ, ಗೊಬ್ಬರ ಹಾಕಬೇಡಿ. ಬದುಕಿ ಉಳಿದರೆ ಮಳೆಗೆ ಮತ್ತೆ ಚಿಗುರುತ್ತದೆ. ಉಳಿಯದಿದ್ದರೆ ಕೊತ್ತಂಬರಿಯಂತೆ ವರ್ಷವರ್ಷವೂ ಹೊಸದಾಗಿ ಬಿತ್ತುವುದೇ ಸರಿ. ನೇರಳೆ ಹೂವಿನ ಆಸೆಯನ್ನಂತೂ ಬಿಡಿ, ಅದಕ್ಕೆ ಒಳ್ಳೆಯ ಚಳಿ ಬೇಕು.

ಒಗ್ಗರಣೆಗೆ ಹಾಕಿ ಇದರ ಘಮ ಸುಡಬೇಡಿ. ಸಣ್ಣಗೆ ಹೆಚ್ಚಿ ಬೆಣ್ಣೆಗೆ ಕಲಸಿ, ಕಾವಲಿಯಿಂದ ಇಳಿಸಿದ ದೋಸೆಯ ಮೇಲೆ ಇಡಿ. ಬೆಣ್ಣೆ ದೋಸೆಯ ಊರಿನವರಿಗೆ ಇದಕ್ಕಿಂತ ಹೆಚ್ಚು ಹೇಳಿದರೆ ಅಧಿಕಪ್ರಸಂಗವಾದೀತು.

ಪ್ರಶ್ನೆ: ನರ್ಸರಿಯಲ್ಲಿ ಚೈವ್ಸ್ ಎಂದು ಕೊಟ್ಟ ಗಿಡದ ಎಲೆ ಚಪ್ಪಟೆಯಾಗಿದೆ, ಬೆಳ್ಳುಳ್ಳಿ ವಾಸನೆ ಬರುತ್ತದೆ. ಮೋಸ ಹೋದೆನೇ? ಎಲೆಯ ತುದಿಯೂ ಸುಟ್ಟಂತಿದೆ.
– ನಿವೃತ್ತ ಶಿಕ್ಷಕರು, ಚಿತ್ರದುರ್ಗ

ಉತ್ತರ: ಮೋಸವೆನ್ನುವುದಕ್ಕಿಂತ ಅದೃಷ್ಟವೆನ್ನಿ. ನಿಮ್ಮಲ್ಲಿರುವುದು ಗಾರ್ಲಿಕ್ ಚೈವ್ಸ್. ಅಸಲಿ ಚೈವ್ಸ್‌ನ ಎಲೆ ದುಂಡಗೆ, ಒಳಗೆ ಪೊಳ್ಳು, ಇದರದ್ದು ಪಟ್ಟಿಯಂತೆ. ಮಣಿಪುರದ ಹಿತ್ತಿಲುಗಳಲ್ಲಿ ‘ಮರೋಯಿ ನಾಕುಪ್ಪಿ’ ಎಂದು ಬೆಳೆಸುವುದು ಇದನ್ನೇ. ಸೆಖೆಯನ್ನು ಅಸಲಿ ಚೈವ್ಸ್‌ಗಿಂತ ಚೆನ್ನಾಗಿ ತಾಳುತ್ತದೆ. ಕೋಟೆಯ ಬಂಡೆಗಳು ರಾತ್ರಿಯೂ ಬಿಸಿ ಉಸಿರು ಬಿಡುವ ನಿಮ್ಮ ಊರಿಗೆ ನಾನಾಗಿದ್ದರೂ ಇದನ್ನೇ ಆರಿಸುತ್ತಿದ್ದೆ.

ತುದಿ ಸುಟ್ಟಿರುವುದಕ್ಕೆ ಬೋರ್‌ವೆಲ್ ನೀರಿನ ಮೇಲೆ ನನ್ನ ಅನುಮಾನ. ಈರುಳ್ಳಿ ಬಳಗಕ್ಕೆ ಉಪ್ಪಿನಂಶ ಆಗದು. ಮಣ್ಣಿನ ಮೇಲೆ ಬಿಳಿ ಪದರ ಕಂಡರೆ ಅದನ್ನು ಕೆರೆದು ತೆಗೆದು, ಮಳೆ ನೀರನ್ನು ಕುಂಡದ ತೂತಿನಿಂದ ಧಾರೆಯಾಗಿ ಹರಿದುಹೋಗುವಷ್ಟು ಸುರಿಯಿರಿ. ಎಲೆಯ ಮೇಲೆ ಬೆಳ್ಳಿಯಂಥ ಗೀರುಗಳಿದ್ದರೆ ಮಾತ್ರ ಅದು ಥ್ರಿಪ್ಸ್ ನುಸಿ. ಬುಡಕ್ಕೆ ಕತ್ತರಿಸಿ, ಹೊಸ ಚಿಗುರಿಗೆ ಬೇವಿನ ಎಣ್ಣೆಯ ದ್ರಾವಣ ಸಿಂಪಡಿಸಿ.

ಎರಡು ಮೂರು ವರ್ಷಕ್ಕೊಮ್ಮೆ ಗುಂಪನ್ನು ಬಿಡಿಸಿ ನೆಟ್ಟರೆ ಒಂದು ಕುಂಡ ನಾಲ್ಕಾಗುತ್ತದೆ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಆ ನಾಲ್ಕನ್ನೂ ಅವುಗಳಿಗೆ ನಿಲುಕದಂತೆ ಇಡಿ. ಈರುಳ್ಳಿಯಂತೆಯೇ ಈ ಸೊಪ್ಪೂ ಅವುಗಳಿಗೆ ವಿಷ.